ಬಿಟ್ಟ ಓದನ್ನು ಮತ್ತೆ ಹಿಡಿದವರ ಮೊದಲ ಸೆಮಿಸ್ಟರ್

ಪಿಯುಸಿ ಆದಮೇಲೆ ಮದುವೆ, ಅಂಗಡಿ, ಗಾರ್ಮೆಂಟ್ಸ್ ಕೆಲಸ, ಮನೆಯಲ್ಲಿ ಯಾರದೋ ಕಾಯಿಲೆ ಅಂತ ಆರೇಳು ವರ್ಷ ಓದು ನಿಲ್ಲಿಸಿ, ಆಮೇಲೆ ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಕಾಂ.ಗೆ ಸೇರುವವರು ತಾಲ್ಲೂಕು ಕಾಲೇಜುಗಳಲ್ಲಿ ಒಬ್ಬಿಬ್ಬರಾದರೂ ಸಿಗುತ್ತಾರೆ. ಹಾಗೆ ಮರಳಿ ಬಂದ ನಮ್ಮೆಲ್ಲರ ಭಯ ಒಂದೇ: ಇಷ್ಟು ವರ್ಷ ಆದಮೇಲೆ ಓದಿದ್ದು ತಲೆಗೆ ಹತ್ತುತ್ತದಾ? ಹತ್ತುತ್ತದೆ. ಮೊದಲ ಸೆಮಿಸ್ಟರಿನಲ್ಲಿ ನಮ್ಮಂಥವರು ಎಡವುವುದು ಬೇರೆ ಕಡೆ. ಹಾಜರಾತಿಯಲ್ಲಿ ಎಡವುತ್ತಾರೆ. ಮೂರು ಗಂಟೆ ಕೂತು ಕೈಯಲ್ಲಿ ಬರೆಯುವುದರಲ್ಲಿ ಎಡವುತ್ತಾರೆ. ಕೆಲವರು ಅದಕ್ಕೂ ಮೊದಲೇ, ಅಡ್ಮಿಷನ್ ಕೌಂಟರಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಯಾವುದು ಎಲ್ಲಿ ಕೈಕೊಡುತ್ತದೆ ಅಂತ ಮೊದಲೇ ಗೊತ್ತಿದ್ದರೆ ಈ ಮೂರನ್ನೂ ದಾಟಬಹುದು.

ಬಿ.ಎ., ಬಿ.ಕಾಂ.ನಂಥ ಪದವಿಗಳಿಗೆ ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಹಗಲು ಬಿಡುವಿಲ್ಲದವರಿಗೆ ಬೆಂಗಳೂರಿನಲ್ಲಿ ಶೇಷಾದ್ರಿಪುರಂ, ಸೇಂಟ್ ಜೋಸೆಫ್ಸ್‌ನಂಥ ಸಂಜೆ ಕಾಲೇಜುಗಳಿವೆ. ಕಾಲೇಜಿಗೆ ಹೋಗಲು ಆಗುವುದೇ ಇಲ್ಲ ಎನ್ನುವವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಇದೆ. ದಿನಾ ನಾಲ್ಕೈದು ಗಂಟೆ ಕಾಲೇಜಿಗೆ ಕೊಡಲು ನಿಜವಾಗಿಯೂ ಆಗುತ್ತದಾ ಎಂದು ಮನೆಯವರ ಜೊತೆ ಕೂತು ಮಾತಾಡಿ, ಆಗದು ಅನಿಸಿದರೆ ಮುಕ್ತ ವಿವಿಯನ್ನೇ ಆರಿಸುವುದು ಒಳ್ಳೆಯದು. ರೆಗ್ಯುಲರ್ ಕಾಲೇಜಿಗೆ ಸೇರಿ ಅರ್ಧದಲ್ಲಿ ಹಾಜರಾತಿ ಇಲ್ಲದೆ ಹೊರಬೀಳುವುದಕ್ಕಿಂತ ಅದು ಎಷ್ಟೋ ಮೇಲು. ಹಗಲು ಕಾಲೇಜಿಗೆ ಸೇರಿದವರಿಗೆ ಈ ಬರಹ.

ಮೊದಲು ಕಾಗದಪತ್ರ. ರಾಜ್ಯದ ವಿಶ್ವವಿದ್ಯಾಲಯಗಳ ಪದವಿ ಪ್ರವೇಶ ಈಗ ಯುಯುಸಿಎಂಎಸ್ ಎಂಬ ಪೋರ್ಟಲ್ ಮೂಲಕ ನಡೆಯುತ್ತದೆ. ಅರ್ಜಿ, ವಿಷಯದ ಆಯ್ಕೆ, ಪರೀಕ್ಷಾ ಅರ್ಜಿ, ಹಾಲ್ ಟಿಕೆಟ್, ಫಲಿತಾಂಶ ಎಲ್ಲವೂ ಅದೇ ಲಾಗಿನ್‌ನಲ್ಲಿ. ಸೈಬರ್ ಸೆಂಟರಿನಲ್ಲಿ ನೋಂದಣಿ ಮಾಡಿಸುವಾಗ ಅಲ್ಲಿಯವರು ಆತುರಕ್ಕೆ ಕೈಗೆ ಸಿಕ್ಕ ಮೊಬೈಲ್ ನಂಬರ್ ಹಾಕಿಬಿಡುವುದುಂಟು. ನಿಮ್ಮದೇ ನಂಬರ್, ನಿಮ್ಮದೇ ಇಮೇಲ್ ಹಾಕಿಸಿ. ಯೂಸರ್ ಐಡಿ, ಪಾಸ್‌ವರ್ಡ್ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಮೂರು ವರ್ಷವೂ ಒಟಿಪಿ ಅದೇ ನಂಬರಿಗೆ ಬರುತ್ತದೆ. ಅಣ್ಣನ ನಂಬರ್ ಕೊಟ್ಟು, ಪರೀಕ್ಷಾ ಅರ್ಜಿಯ ಕೊನೆಯ ದಿನ ಆತ ಫೋನ್ ಎತ್ತದೆ ದಂಡ ಕಟ್ಟಿದವರಿದ್ದಾರೆ.

ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಮಾರ್ಕ್ಸ್ ಕಾರ್ಡ್, ಪಿಯು ಕಾಲೇಜಿನ ಟಿಸಿ, ಆಧಾರ್, ಫೋಟೊ ಎಲ್ಲರೂ ಕೊಡಬೇಕು, ಬೇಕಾದವರು ಜಾತಿ ಮತ್ತು ಆದಾಯ ಪ್ರಮಾಣ ಪತ್ರವನ್ನೂ ಕೊಡಬೇಕು. ಓದಿನಲ್ಲಿ ಅಂತರ ಇದ್ದವರು ಇವುಗಳ ಜೊತೆಗೆ ಒಂದು ಗ್ಯಾಪ್ ಅಫಿಡವಿಟ್ ಕೊಡಬೇಕಾಗುತ್ತದೆ. ಇ-ಸ್ಟ್ಯಾಂಪ್ ಕಾಗದದ ಮೇಲೆ ಟೈಪ್ ಮಾಡಿಸಿ ನೋಟರಿ ಸಹಿ ಹಾಕಿಸಿದರೆ ಆಯಿತು. ಅದರಲ್ಲಿ ಪಿಯುಸಿ ಯಾವ ವರ್ಷ ಮುಗಿಯಿತು, ಅಲ್ಲಿಂದ ಇಲ್ಲಿಯವರೆಗೆ ಬೇರೆ ಯಾವ ಕಾಲೇಜಿಗೂ ಸೇರಿಲ್ಲ, ಓದು ನಿಂತದ್ದಕ್ಕೆ ಕಾರಣ ಏನು ಎಂಬ ಮೂರು ಮಾತು ಸ್ಪಷ್ಟವಾಗಿರಬೇಕು. ಕಾರಣ ಉದ್ದಕ್ಕೆ ಬರೆಯಬೇಕಿಲ್ಲ, 'ಕೌಟುಂಬಿಕ ಕಾರಣ' ಅಂದರೆ ಸಾಕು. ವರ್ಷಗಳು ಮಾತ್ರ ಮಾರ್ಕ್ಸ್ ಕಾರ್ಡಿಗೆ ತಾಳೆಯಾಗಬೇಕು. ಸಿಬಿಎಸ್‌ಇ, ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಅಥವಾ ಬೇರೆ ರಾಜ್ಯದ ಬೋರ್ಡಿನಲ್ಲಿ ಓದಿದವರು ಮೈಗ್ರೇಷನ್ ಸರ್ಟಿಫಿಕೇಟನ್ನೂ ತರಿಸಬೇಕು. ಅದು ಬರಲು ಸಮಯ ಹಿಡಿಯುವುದರಿಂದ ಏಪ್ರಿಲ್-ಮೇನಲ್ಲೇ ಅರ್ಜಿ ಹಾಕಿದರೆ ವಾಸಿ.

ಟಿಸಿಯ ಕಥೆ ಬೇರೆ. ಎಷ್ಟೋ ಜನ ಪಿಯುಸಿ ಮುಗಿದಾಗ ಟಿಸಿ ತೆಗೆದುಕೊಂಡೇ ಇರುವುದಿಲ್ಲ, ಅದು ಹಳೆ ಕಾಲೇಜಿನಲ್ಲೇ ಉಳಿದಿರುತ್ತದೆ. ಹಾಗಿದ್ದರೆ ಸುಲಭ, ಹೋಗಿ ಅರ್ಜಿ ಕೊಟ್ಟರೆ ದಾಖಲಾತಿ ಪುಸ್ತಕ ನೋಡಿ ಬರೆದುಕೊಡುತ್ತಾರೆ. ತೆಗೆದುಕೊಂಡು ಕಳೆದಿದ್ದರೆ ಕಳೆದುಹೋದ ಬಗ್ಗೆ ಪೊಲೀಸ್ ಠಾಣೆಯ ಸ್ವೀಕೃತಿ, ಒಂದು ಅಫಿಡವಿಟ್ ಹಿಡಿದು ನಕಲು ಟಿಸಿ ಕೇಳಬೇಕು. ಕಳೆದ ಮಾರ್ಕ್ಸ್ ಕಾರ್ಡಿಗೂ ಮೊದಲು ಹೋಗಬೇಕಾದದ್ದು ಓದಿದ ಶಾಲೆ ಅಥವಾ ಪಿಯು ಕಾಲೇಜಿಗೆ. ಅವರ ಮೂಲಕವೇ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗುತ್ತದೆ. ಇವೆಲ್ಲ ಒಂದೇ ದಿನದಲ್ಲಿ ಆಗುವ ಕೆಲಸವಲ್ಲ.

ಹೆಸರಿನ ಗೊಂದಲ ಹೆಚ್ಚಾಗಿ ಬರುವುದು ಮದುವೆಯಾದ ಹೆಣ್ಣುಮಕ್ಕಳಿಗೆ. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಅಪ್ಪನ ಇನಿಷಿಯಲ್, ಆಧಾರಿನಲ್ಲಿ ಗಂಡನ ಹೆಸರು, ಬ್ಯಾಂಕಿನಲ್ಲಿ ಇನ್ನೊಂದು. ಪದವಿಯ ಎಲ್ಲ ದಾಖಲೆಗೂ ಎಸ್‌ಎಸ್‌ಎಲ್‌ಸಿ ಕಾರ್ಡಿನ ಹೆಸರೇ ಆಧಾರ ಎಂದು ತಿಳಿದು, ಆಧಾರನ್ನು ಅದಕ್ಕೆ ಹೊಂದಿಸುವುದು ಸರಿಯಾದ ದಾರಿ. ಉಲ್ಟಾ ಮಾಡಲು ಹೊರಟರೆ ವರ್ಷವೇ ಹಿಡಿಯಬಹುದು. ಇನಿಷಿಯಲ್ ಹಿಂದೆ ಇದೆಯೋ ಮುಂದೆ ಇದೆಯೋ, ಹೆಸರಿನ ನಡುವೆ ಜಾಗ ಬಿಟ್ಟಿದೆಯೋ ಇಲ್ಲವೋ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಸ್ಕಾಲರ್‌ಶಿಪ್ ಅರ್ಜಿ ನಿಲ್ಲುವುದು ಬಹಳ ಸಲ ಇಂಥ ಕಡೆಯೇ.

ಸ್ಕಾಲರ್‌ಶಿಪ್ಪಿಗೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ. ಅರ್ಜಿ ಹಾಕುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಹಳೆಯ ಆದಾಯ ಪ್ರಮಾಣ ಪತ್ರ ಇದ್ದರೆ ಅದರ ಅವಧಿ ಐದು ವರ್ಷ, ಓದು ಬಿಟ್ಟವರ ಬಳಿ ಇರುವುದು ಬಹುತೇಕ ಅವಧಿ ಮುಗಿದದ್ದು. ನಾಡಕಚೇರಿಯಲ್ಲಿ ಹೊಸದು ಮಾಡಿಸಿ, ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನೇ ಪೋರ್ಟಲ್ ಕೇಳುವುದು. ಎರಡನೆಯದು ಬ್ಯಾಂಕ್ ಖಾತೆ. ಪಾಸ್‌ಬುಕ್ಕಿಗೆ ಆಧಾರ್ ಕೊಟ್ಟಿದ್ದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು, ಅಂದರೆ ಸರ್ಕಾರದ ಹಣ ನೇರವಾಗಿ ಬೀಳುವ ಡಿಬಿಟಿ ವ್ಯವಸ್ಥೆಯಲ್ಲಿ ನಿಮ್ಮ ಆಧಾರ್‌ಗೆ ಈ ಖಾತೆ ಜೋಡಣೆಯಾಗಿರಬೇಕು. ಪಿಯುಸಿಯಲ್ಲಿ ತೆರೆದು ಆಮೇಲೆ ಮುಟ್ಟದ ಖಾತೆ ನಿಷ್ಕ್ರಿಯವಾಗಿರುತ್ತದೆ, ಹಣ ಮಂಜೂರಾಗಿಯೂ ಅಲ್ಲಿಗೆ ಬಂದು ಬೀಳುವುದಿಲ್ಲ. ಬ್ಯಾಂಕಿಗೆ ಹೋಗಿ 'ಡಿಬಿಟಿಗೆ ಈ ಖಾತೆ ಮ್ಯಾಪ್ ಮಾಡಿಕೊಡಿ' ಎಂದು ಕೇಳಿ ಫಾರ್ಮ್ ತುಂಬಿ. ಸರ್ಕಾರಿ ಕಾಲೇಜಿನಲ್ಲಿ ವಿದ್ಯಾರ್ಥಿನಿಯರಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ. ಹಾಗಂತ ಖರ್ಚೇ ಇಲ್ಲ ಅಂತಲ್ಲ, ಪರೀಕ್ಷಾ ಶುಲ್ಕದಂಥವಕ್ಕೆ ದುಡ್ಡು ಎತ್ತಿಡಬೇಕು. ಬಸ್ಸಿಗೆ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಗಂಡಸರು ಸೇವಾ ಸಿಂಧುವಿನಲ್ಲಿ ವಿದ್ಯಾರ್ಥಿ ಪಾಸಿಗೆ ಅರ್ಜಿ ಹಾಕಬೇಕು, ಅದಕ್ಕೆ ಕಾಲೇಜಿನ ಶುಲ್ಕದ ರಸೀದಿ ಬೇಕು. ರಸೀದಿ ಯಾವುದನ್ನೂ ಎಸೆಯಬೇಡಿ.

ಇಷ್ಟನ್ನು ಬೇಗ ಮುಗಿಸಿಕೊಳ್ಳಿ ಎಂದು ಒತ್ತಿ ಹೇಳಲು ಕಾರಣ ಇದೆ. ಕಾಗದಪತ್ರ ಹೊಂದಿಸುತ್ತಾ ಕೊನೆಯ ವಾರ ಸೇರಿದವರು ಕ್ಲಾಸಿಗೆ ಕಾಲಿಡುವ ಹೊತ್ತಿಗೆ ಸೆಮಿಸ್ಟರಿನ ಮೂರ್ನಾಲ್ಕು ವಾರ ಹೋಗಿರುತ್ತದೆ. ಇರುವುದೇ ಸುಮಾರು ಹದಿನಾರು ವಾರ. ಅಲ್ಲಿಂದಲೇ ಹಾಜರಾತಿಯ ಕಷ್ಟ ಶುರು.

ಶೇಕಡಾ 75 ಹಾಜರಾತಿ ಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಅದನ್ನು ಒಟ್ಟು ದಿನಗಳ ಮೇಲಲ್ಲ, ಪ್ರತಿ ಪತ್ರಿಕೆಗೂ ಬೇರೆ ಬೇರೆ ನೋಡುತ್ತಾರೆ ಎನ್ನುವುದು ತುಂಬ ಜನಕ್ಕೆ ಶಾರ್ಟೇಜ್ ಪಟ್ಟಿ, ಅಂದರೆ ಹಾಜರಾತಿ ಸಾಲದವರ ಪಟ್ಟಿ, ಗೋಡೆಗೆ ಅಂಟಿಸಿದ ದಿನ ಗೊತ್ತಾಗುತ್ತದೆ. ಲೆಕ್ಕ ಹಾಕಿ ನೋಡಿ. ವಾರಕ್ಕೆ ನಾಲ್ಕು ಗಂಟೆ ಇರುವ ಕನ್ನಡ ಪತ್ರಿಕೆಗೆ ಹದಿನಾರು ವಾರದಲ್ಲಿ 64 ಗಂಟೆ. ಅದರ ಶೇ. 75 ಅಂದರೆ 48. ಬಿಡಬಹುದಾದದ್ದು 16 ಗಂಟೆ. ಭಾಷೆಯ ಪಿರಿಯಡ್ ಬೆಳಿಗ್ಗೆ ಮೊದಲಿಗೇ ಇದ್ದು, ಮಗುವನ್ನು ಶಾಲೆಗೆ ಬಿಟ್ಟು ಹಿಡಿಯುವ ಬಸ್ಸು ಹತ್ತು ನಿಮಿಷ ತಡವಾಗಿ ತಲುಪಿಸುತ್ತದೆ ಎಂದುಕೊಳ್ಳಿ. ವಾರಕ್ಕೆ ಒಂದೇ ಸಲ ಹೀಗಾದರೂ 16 ಗಂಟೆ ಪೂರ್ತಿ ಮುಗಿದುಹೋಯಿತು. ಇನ್ನೊಂದು ಜ್ವರಕ್ಕೆ, ಊರ ಹಬ್ಬಕ್ಕೆ, ಸಾವಿಗೆ ಜಾಗವೇ ಇಲ್ಲ. ವಾರಕ್ಕೆ ಎರಡು ಸಲ ಆದರೆ ಹಾಜರಾತಿ ಅರ್ಧಕ್ಕೆ ಇಳಿಯುತ್ತದೆ. ಉಳಿದ ಪತ್ರಿಕೆಗಳಲ್ಲಿ ತೊಂಬತ್ತು ಇದ್ದು, ದಿನಾ ಕಾಲೇಜಿಗೆ ಬಂದೂ ಕನ್ನಡದಲ್ಲಿ ಶಾರ್ಟೇಜ್ ಬರುವುದು ಹೀಗೆ.

ಇನ್ನೊಂದು ಸೂಕ್ಷ್ಮ ಇದೆ. ಶೇಕಡಾವಾರು ಹಾಕುವುದು ನಿಜವಾಗಿ ನಡೆದ ಕ್ಲಾಸುಗಳ ಮೇಲೆ. ರಜೆ, ಕಾರ್ಯಕ್ರಮ, ಲೆಕ್ಚರರ್ ಇಲ್ಲದ ದಿನ ಕಳೆದು 50 ಕ್ಲಾಸು ಮಾತ್ರ ನಡೆದಿದ್ದರೆ 38ಕ್ಕೆ ಇರಲೇಬೇಕು, ಬಿಡಬಹುದಾದದ್ದು 12ಕ್ಕೆ ಇಳಿಯಿತು. ಜುಲೈಯಲ್ಲಿ ಹಾಕಿಕೊಂಡ ಲೆಕ್ಕ ಅಕ್ಟೋಬರಿನಲ್ಲಿ ಕೆಲಸಕ್ಕೆ ಬಾರದು. ತಿಂಗಳಿಗೊಮ್ಮೆ ಆಯಾ ಲೆಕ್ಚರರ್ ಹತ್ತಿರ ಹೋಗಿ 'ಸರ್, ಎಷ್ಟು ಕ್ಲಾಸ್ ಆಗಿದೆ, ನನ್ನದೆಷ್ಟು' ಅಂತ ಕೇಳಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಳ್ಳಿ. ಇದರಲ್ಲಿ ಸಂಕೋಚ ಬೇಡ. ತಡವಾಗಿ ಸೇರಿದವರು ಒಂದು ಪ್ರಶ್ನೆ ಮೊದಲ ದಿನವೇ ಕೇಳಬೇಕು: ನನ್ನ ಹಾಜರಾತಿ ಕ್ಲಾಸ್ ಶುರುವಾದ ದಿನದಿಂದಲೋ, ಪ್ರವೇಶ ಪಡೆದ ದಿನದಿಂದಲೋ?

ಹಾಜರಾತಿಯನ್ನು ಇಷ್ಟು ಹಿಡಿದು ಹೇಳುವುದು ಯಾಕೆಂದರೆ, ಪತ್ರಿಕೆಯೊಂದರಲ್ಲಿ ಫೇಲಾದರೆ ಅದನ್ನು ಬಾಕಿ ಇಟ್ಟುಕೊಂಡು ಮುಂದಿನ ಸೆಮಿಸ್ಟರಿಗೆ ಹೋಗಬಹುದು, ಮತ್ತೆ ಕಟ್ಟಿ ಪಾಸ್ ಮಾಡಬಹುದು. ಹಾಜರಾತಿ ಸಾಲದೆ ಪರೀಕ್ಷೆಗೇ ಕೂರಿಸದಿದ್ದರೆ ಆ ಸೆಮಿಸ್ಟರನ್ನು ಮುಂದಿನ ವರ್ಷದವರ ಜೊತೆ ಮತ್ತೆ ಓದಬೇಕಾಗುತ್ತದೆ. ಹದಿನೆಂಟರ ಹುಡುಗರಿಗೆ ಒಂದು ವರ್ಷ ಹೋದರೆ ಹೋಯಿತು. ಮನೆಯವರನ್ನು ಒಪ್ಪಿಸಿ, ಕೆಲಸದ ಹೊತ್ತು ಬದಲಿಸಿಕೊಂಡು ಬಂದವರಿಗೆ ಆ ವರ್ಷ ಮತ್ತೆ ಸಿಗುವುದು ಕಷ್ಟ. ಆಸ್ಪತ್ರೆಗೆ ಸೇರಿದ್ದರೆ ಡಿಸ್ಚಾರ್ಜ್ ಸಾರಾಂಶದ ಜೊತೆ ವೈದ್ಯಕೀಯ ಪ್ರಮಾಣ ಪತ್ರವನ್ನು ಕಾಲೇಜಿಗೆ ಬಂದ ಮೊದಲ ದಿನವೇ ಕಚೇರಿಯಲ್ಲಿ ಕೊಟ್ಟು, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಸೆಮಿಸ್ಟರ್ ಕೊನೆಯಲ್ಲಿ ತಂದ ಸರ್ಟಿಫಿಕೇಟಿಗೆ ತೂಕ ಇರುವುದಿಲ್ಲ. ಮಗುವಿಗೆ ಹುಷಾರಿಲ್ಲದ್ದು, ಕೊಯ್ಲಿನ ಕೆಲಸ, ಅಂಗಡಿಯ ದಸರಾ ವ್ಯಾಪಾರ ಇವು ಯಾವುವೂ ವಿನಾಯಿತಿಯ ಪಟ್ಟಿಗೆ ಬರುವುದಿಲ್ಲ, ಅವುಗಳಿಗೆ ನಿಮ್ಮ ಆ ಹದಿನಾರು ಗಂಟೆಗಳನ್ನೇ ಉಳಿಸಿಕೊಳ್ಳಬೇಕು.

ತರಗತಿಯ ಒಳಗಿನ ಇರಿಸುಮುರಿಸು ಎರಡು ವಾರದಲ್ಲಿ ಕರಗುತ್ತದೆ. ಮೊದಲ ದಿನ ಯಾರೋ ಒಬ್ಬರು ನಿಮ್ಮನ್ನು ನೋಡಿ ಲೆಕ್ಚರರ್ ಬಂದರೆಂದು ಎದ್ದು ನಿಲ್ಲುತ್ತಾರೆ, ಆಮೇಲೆ 'ಅಕ್ಕಾ', 'ಅಣ್ಣಾ' ಆಗುತ್ತದೆ. ಲೆಕ್ಚರರ್ ನಿಮಗಿಂತ ಚಿಕ್ಕವರಿರಬಹುದು, ಆದರೂ ಸರ್, ಮೇಡಂ ಎಂದೇ ಕರೆಯುವುದು. ಅವರೂ ನಿಮಗೆ ನೀವು ಎಂದೇ ಮಾತಾಡಿಸುತ್ತಾರೆ. ಕೂರಬೇಕಾದದ್ದು ಮುಂದಿನ ಎರಡನೇ ಬೆಂಚು. ಹಿಂದೆ ಕೂತರೆ ಬೋರ್ಡಿನ ಅಂಕಿಗಳು ತಪ್ಪುತ್ತವೆ. ಇಷ್ಟು ವರ್ಷದಲ್ಲಿ ದೂರದ ದೃಷ್ಟಿ ಬದಲಾಗಿರಬಹುದು, ಸೇರುವ ಮೊದಲು ಕಣ್ಣು ತೋರಿಸಿಕೊಳ್ಳುವುದು ಪುಸ್ತಕ ಕೊಳ್ಳುವಷ್ಟೇ ಮುಖ್ಯ.

ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಮೊದಲ ವಾರವೇ ಸೇರಿ. ಪರೀಕ್ಷಾ ಶುಲ್ಕದ ಕೊನೆ ದಿನ, ಇಂಟರ್ನಲ್ಸ್ (ಕಾಲೇಜೇ ನಡೆಸಿ ಅಂಕ ಕೊಡುವ ಕಿರುಪರೀಕ್ಷೆ) ವೇಳಾಪಟ್ಟಿ, ಅಸೈನ್‌ಮೆಂಟಿನ ವಿಷಯ ನೋಟಿಸ್ ಬೋರ್ಡಿಗಿಂತ ಮೊದಲು ಅಲ್ಲಿ ಬರುತ್ತದೆ. ದೊಡ್ಡವರೆಂಬ ಬಿಗುಮಾನಕ್ಕೆ ಗ್ರೂಪಿನಿಂದ ದೂರ ಉಳಿದವರಿಗೆ ಸುದ್ದಿ ಎರಡು ದಿನ ತಡ. ಚಿಕ್ಕವರಿಗೆ ಪೋರ್ಟಲ್, ಪಿಡಿಎಫ್, ಸ್ಕ್ಯಾನ್ ಎಲ್ಲ ಬೆರಳ ತುದಿಯಲ್ಲಿ. ನಿಮಗೆ ಬ್ಯಾಂಕ್ ಚಲನ್, ಬಿಲ್ಲು, ಸ್ಟಾಕು ಕಣ್ಣಾರೆ ಗೊತ್ತು. ಈ ಕೊಡುಕೊಳ್ಳುವಿಕೆಯಲ್ಲಿ ಗೆಳೆತನ ತಾನೇ ಬೆಳೆಯುತ್ತದೆ.

ಸರ್ಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಹೊರುವವರು ಅತಿಥಿ ಉಪನ್ಯಾಸಕರು. ಅವರ ನೇಮಕ ತಡವಾದರೆ ಮೊದಲ ಕೆಲವು ವಾರ ಒಂದೆರಡು ಪತ್ರಿಕೆಗೆ ಪಾಠವೇ ಇರುವುದಿಲ್ಲ. ಆಮೇಲೆ ಬಂದವರು ಐದು ಘಟಕಗಳನ್ನು ಓಡಿಸಬೇಕಾಗುತ್ತದೆ. 2023ರ ನವೆಂಬರಿನಲ್ಲಿ ಸೇವಾ ಭದ್ರತೆಗಾಗಿ ಅವರು ತರಗತಿ ಬಹಿಷ್ಕರಿಸಿ ಮುಷ್ಕರ ಹೂಡಿದಾಗ ವಾರಗಟ್ಟಲೆ ಪಾಠ ನಿಂತಿತ್ತು. ಅವರ ಬೇಡಿಕೆ ನ್ಯಾಯದ್ದೇ. ವಿದ್ಯಾರ್ಥಿ ಮಾಡಬೇಕಾದ್ದು, ಪಾಠ ಶುರುವಾಗಲಿ ಎಂದು ಕಾಯದೆ ಆ ಪತ್ರಿಕೆಯ ಮೊದಲ ಘಟಕವನ್ನು ಗ್ರಂಥಾಲಯದ ಪುಸ್ತಕದಿಂದ ತಾನೇ ಓದಿಕೊಳ್ಳುವುದು. ಗ್ರಂಥಾಲಯ ಕಾರ್ಡ್ ಸಿಕ್ಕ ದಿನವೇ ಪಠ್ಯಪುಸ್ತಕ ತೆಗೆದುಕೊಳ್ಳಿ, ಒಂದು ವಾರ ಬಿಟ್ಟು ಹೋದರೆ ಕಪಾಟು ಖಾಲಿ.

ಸೀನಿಯರ್ ನೋಟ್ಸ್ ಕೊಳ್ಳುವ ಮೊದಲು ಅದು ಯಾವ ಸ್ಕೀಮಿನದು ಅಂತ ನೋಡಬೇಕು. 2021ರಿಂದ ಮೂರು ಬ್ಯಾಚು ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಗೆ ಸೇರಿದವು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಪಠ್ಯ, ಪತ್ರಿಕೆಯ ಹೆಸರು, ಅಂಕ ಹಂಚಿಕೆ ಎಲ್ಲ ಬದಲಾಯಿತು. ಮೊದಲು 60 ಅಂಕದ ಪರೀಕ್ಷೆಗೆ 40 ಇಂಟರ್ನಲ್ಸ್ ಇತ್ತು, ಈಗ ಪರೀಕ್ಷೆಗೆ 80, ಇಂಟರ್ನಲ್ಸಿಗೆ 20. ಹಾಗಾಗಿ 2023ರ ಪ್ರಶ್ನೆಪತ್ರಿಕೆ ಹಿಡಿದು ತಯಾರಾದವರು ಪರೀಕ್ಷೆಯ ಹಾಲಿನಲ್ಲಿ ಉದ್ದದ ಪ್ರಶ್ನೆಗಳನ್ನು ಕಂಡು ಗಾಬರಿಯಾಗುತ್ತಾರೆ. ನಿಮ್ಮ ವಿಶ್ವವಿದ್ಯಾಲಯದ ಜಾಲತಾಣದಿಂದ ಈಗಿನ ಸಿಲಬಸ್ ಪಿಡಿಎಫ್ ಇಳಿಸಿ, ಮೊದಲ ಸೆಮಿಸ್ಟರಿನ ಪುಟಗಳನ್ನಷ್ಟೇ ಝೆರಾಕ್ಸ್ ಮಾಡಿಸಿ, ಪ್ರತಿ ಪುಸ್ತಕದೊಳಗೆ ಅಂಟಿಸಿಕೊಳ್ಳಿ. ಹಿಂದೆ ಪದವಿಗೆ ಸೇರಿ ಒಂದೆರಡು ಸೆಮಿಸ್ಟರ್ ಮುಗಿಸಿ ಬಿಟ್ಟವರಿಗೆ ಇದು ಇನ್ನೂ ಮುಖ್ಯ. ಹಳೆ ಸ್ಕೀಮಿನ ಬಾಕಿ ಪತ್ರಿಕೆ ಕಟ್ಟಲು ಅವಧಿ ಉಳಿದಿದೆಯಾ, ಹೊಸದಾಗಿ ಸೇರಬೇಕಾ ಎನ್ನುವುದನ್ನು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಬರಹದಲ್ಲಿ ಕೇಳಿ ತಿಳಿದುಕೊಂಡೇ ಮುಂದಿನ ಹೆಜ್ಜೆ ಇಡಬೇಕು.

ಇನ್ನು ಓದು. ಬಿ.ಕಾಂ.ನಲ್ಲಿ ಓದು ಬಿಟ್ಟವರನ್ನು ನಿಜಕ್ಕೂ ಪರೀಕ್ಷಿಸುವ ಪತ್ರಿಕೆ ಅಕೌಂಟ್ಸ್. ಯಾಕೆಂದರೆ ಅದು ಪಿಯುಸಿಯ ಮೇಲೇ ಕಟ್ಟಿದ್ದು. ಜರ್ನಲ್, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್, ಸವಕಳಿ, ಫೈನಲ್ ಅಕೌಂಟ್ಸ್ ಇವು ನಿಮಗೆ ಬರುತ್ತವೆ ಎಂದುಕೊಂಡೇ ಪಾಠ ಶುರುವಾಗುತ್ತದೆ. ನಿನ್ನೆ ಮೊನ್ನೆ ಪಿಯುಸಿ ಮುಗಿಸಿದವರಿಗೆ ಅದು ಬಾಯಲ್ಲೇ ಇದೆ. ನಮಗೆ ಡೆಬಿಟ್ ಯಾವ ಕಡೆ ಎನ್ನುವುದೇ ಎರಡು ಕ್ಷಣ ಯೋಚಿಸಬೇಕು. ಸೇರುವ ಮೊದಲಿನ ತಿಂಗಳಲ್ಲಿ ಪ್ರಥಮ ಪಿಯುಸಿ ಅಕೌಂಟೆನ್ಸಿ ಪುಸ್ತಕ ತಂದು ದಿನಕ್ಕೆ ಎರಡು ಲೆಕ್ಕ ಮಾಡಿದವರು ಮೊದಲ ಇಂಟರ್ನಲ್ಸಿನಲ್ಲಿ ಹುಡುಗರ ಸಮಕ್ಕೆ ಬರುತ್ತಾರೆ. ಓದುವುದಲ್ಲ, ಮಾಡುವುದು. ಪುಸ್ತಕ ಮುಚ್ಚಿ, ಗೆರೆ ಹಾಕಿ, ಕಾಲಂ ಬರೆದು ಮಾಡಬೇಕು.

2017ರ ಜುಲೈಗಿಂತ ಮೊದಲು ಪಿಯುಸಿ ಮುಗಿಸಿದವರ ಪುಸ್ತಕದಲ್ಲಿ ಜಿಎಸ್‌ಟಿ ಇರಲೇ ಇಲ್ಲ. ಈಗಿನ ಜರ್ನಲ್ ನಮೂದಿನಲ್ಲಿ ಅದು ಬರುತ್ತದೆ. ರಾಜ್ಯದೊಳಗೇ 10,000 ರೂಪಾಯಿ ಸರಕನ್ನು ಶೇ. 18 ತೆರಿಗೆಗೆ ನಗದು ಕೊಟ್ಟು ಕೊಂಡರೆ, ಖರೀದಿ ಖಾತೆಗೆ 10,000 ಡೆಬಿಟ್, ಇನ್‌ಪುಟ್ ಸಿಜಿಎಸ್‌ಟಿಗೆ (ಕೇಂದ್ರದ ಪಾಲು) 900, ಇನ್‌ಪುಟ್ ಎಸ್‌ಜಿಎಸ್‌ಟಿಗೆ (ರಾಜ್ಯದ ಪಾಲು) 900 ಡೆಬಿಟ್, ನಗದು ಖಾತೆಗೆ 11,800 ಕ್ರೆಡಿಟ್. 11,800 ಪೂರ್ತಿಯನ್ನು ಖರೀದಿಗೆ ಹಾಕುವುದು ಹಳೆಯ ಅಭ್ಯಾಸದ ತಪ್ಪು. ಅಂಗಡಿ ನಡೆಸಿದವರಿಗೆ ಇದು ಬಿಲ್ಲಿನಲ್ಲಿ ದಿನಾ ಕಂಡದ್ದೇ, ಒಂದು ಸಂಜೆ ಕೂತರೆ ಹಿಡಿತಕ್ಕೆ ಬರುತ್ತದೆ.

ಸವಕಳಿಯ, ಅಂದರೆ ಬಳಸಿದಂತೆ ಆಸ್ತಿಯ ಬೆಲೆ ಇಳಿಯುವುದರ, ಒಂದು ಲೆಕ್ಕ ಬಿಡಿಸಿ ನೋಡಿದರೆ ಎಲ್ಲೆಲ್ಲಿ ಜಾರುತ್ತೇವೆ ಎನ್ನುವುದು ತಿಳಿಯುತ್ತದೆ. ಏಪ್ರಿಲ್ 1ರಂದು 1,00,000 ರೂಪಾಯಿಗೆ ಯಂತ್ರ ಕೊಂಡರು, ಅದನ್ನು ಕೂರಿಸಲು 10,000 ಖರ್ಚಾಯಿತು. ಡಬ್ಲ್ಯೂಡಿವಿ ಪದ್ಧತಿಯಲ್ಲಿ (ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಲೆಕ್ಕ ಹಾಕುವುದು) ವರ್ಷಕ್ಕೆ ಶೇ. 10 ಸವಕಳಿ, ಪುಸ್ತಕ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮೂರನೇ ವರ್ಷದ ಸೆಪ್ಟೆಂಬರ್ 30ರಂದು 80,000ಕ್ಕೆ ಮಾರಿದರು. ಕೂರಿಸಿದ ಖರ್ಚೂ ಯಂತ್ರದ ಬೆಲೆಗೆ ಸೇರಬೇಕು, ಹಾಗಾಗಿ 1,10,000. ಮೊದಲ ವರ್ಷದ ಸವಕಳಿ 11,000, ಉಳಿದದ್ದು 99,000. ಎರಡನೇ ವರ್ಷ 9,900, ಉಳಿದದ್ದು 89,100. ಮೂರನೇ ವರ್ಷ ಯಂತ್ರ ನಮ್ಮ ಬಳಿ ಇದ್ದದ್ದು ಆರು ತಿಂಗಳು, ಆ ಆರು ತಿಂಗಳ ಸವಕಳಿ 4,455. ಮಾರಿದ ದಿನ ಪುಸ್ತಕದ ಬೆಲೆ 84,645. ಸಿಕ್ಕಿದ್ದು 80,000, ನಷ್ಟ 4,645. ಆರು ತಿಂಗಳ ಸವಕಳಿ ಮರೆತರೆ ನಷ್ಟ 9,100 ಎಂದು ಬರುತ್ತದೆ. ಕೂರಿಸಿದ ಖರ್ಚನ್ನು ಬಿಟ್ಟರೆ ಮಾರಿದ ದಿನದ ಬೆಲೆ 76,950 ಆಗಿ, ನಷ್ಟದ ಜಾಗದಲ್ಲಿ 3,050 ಲಾಭ ಕಾಣಿಸುತ್ತದೆ! ಒಂದು ಸಾಲು ಗಮನಿಸದೆ ಹೋದದ್ದಕ್ಕೆ ಉತ್ತರವೇ ತಲೆಕೆಳಗು. ಪ್ರಶ್ನೆ ಓದುವಾಗ ಪೆನ್ಸಿಲಿನಲ್ಲಿ ತಾರೀಖುಗಳಿಗೆ ಸುತ್ತು ಹಾಕಿ, ಬೆಲೆಗೆ ಸೇರುವ ಖರ್ಚುಗಳ ಕೆಳಗೆ ಗೆರೆ ಎಳೆಯುವ ರೂಢಿ ಮಾಡಿಕೊಂಡರೆ ಈ ತಪ್ಪುಗಳು ಹೋಗುತ್ತವೆ. ಅಡಿಟಿಪ್ಪಣಿಯಂತೆ ಕೆಳಗೆ ಲೆಕ್ಕದ ದಾರಿ ಬರೆದು ತೋರಿಸಿ, ಕೊನೆಯ ಅಂಕಿ ತಪ್ಪಿದರೂ ದಾರಿಗೆ ಅಂಕ ಇದೆ.

ಲೆಕ್ಕ ಬರುತ್ತದೆ, ಆದರೂ ಸಮಯಕ್ಕೆ ಮುಗಿಯುವುದಿಲ್ಲ. ಇದಕ್ಕೆ ಕಾರಣ ಕೈ. ಓದು ಬಿಟ್ಟ ವರ್ಷಗಳಲ್ಲಿ ನಾವು ಬರೆದದ್ದು ಸಾಮಾನಿನ ಪಟ್ಟಿ ಮತ್ತು ಸಹಿ, ಮಿಕ್ಕದ್ದೆಲ್ಲ ಮೊಬೈಲಿನಲ್ಲಿ. 80 ಅಂಕಕ್ಕೆ ಮೂರು ಗಂಟೆ ಎಂದರೆ ಒಂದು ಅಂಕಕ್ಕೆ ಎರಡೂಕಾಲು ನಿಮಿಷ. ಹದಿನೈದು ಅಂಕದ ಒಂದು ಲೆಕ್ಕಕ್ಕೆ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು, ಅಷ್ಟರಲ್ಲಿ ಕಾಲಂ ಹಾಕಿ, ನಮೂದು ಬರೆದು, ಕೂಡಿ ಮುಗಿಸಬೇಕು. ಅಭ್ಯಾಸ ತಪ್ಪಿದ ಕೈಗೆ ಇಪ್ಪತ್ತು ನಿಮಿಷಕ್ಕೇ ಹೆಬ್ಬೆರಳ ಬುಡ ಹಿಡಿದುಕೊಳ್ಳುತ್ತದೆ, ಅಕ್ಷರ ಸೊಟ್ಟಗಾಗುತ್ತದೆ, ಎರಡನೇ ಗಂಟೆಯಲ್ಲಿ ವೇಗ ಅರ್ಧಕ್ಕೆ ಬೀಳುತ್ತದೆ. ಗೊತ್ತಿದ್ದೂ ಹದಿನೈದು ಇಪ್ಪತ್ತು ಅಂಕದ ಪ್ರಶ್ನೆ ಮುಟ್ಟದೆ ಬರುವವರು ಇದೇ ಕಾರಣಕ್ಕೆ ಬರುತ್ತಾರೆ.

ಮೊದಲ ವಾರದಿಂದಲೇ ಕೈಯನ್ನು ಪಳಗಿಸಬೇಕು. ಶುರುವಿನಲ್ಲಿ ದಿನಕ್ಕೆ ಹದಿನೈದು ನಿಮಿಷ, ಗಡಿಯಾರ ಇಟ್ಟುಕೊಂಡು, ಅಂದಿನ ಪಾಠವನ್ನು ನೋಡದೆ ಬರೆಯಿರಿ. ವಾರಕ್ಕೆ ಐದು ನಿಮಿಷದಂತೆ ಹೆಚ್ಚಿಸಿದರೆ ಎರಡು ತಿಂಗಳಿಗೆ ಐವತ್ತು ನಿಮಿಷ ತಡೆಯಿಲ್ಲದೆ ಬರೆಯಲು ಬರುತ್ತದೆ. ಪೆನ್ನನ್ನು ಒತ್ತಿ ಹಿಡಿಯುವವರಿಗೆ ನೋವು ಜಾಸ್ತಿ. ಸ್ವಲ್ಪ ದಪ್ಪನೆಯ, ಒತ್ತದೆ ಹರಿಯುವ ಪೆನ್ನು ಆರಿಸಿ, ಪರೀಕ್ಷೆಗೂ ಅದನ್ನೇ ಒಯ್ಯಿರಿ. ಪರೀಕ್ಷೆಗೆ ಮೂರು ವಾರ ಇದ್ದಾಗ ಪ್ರತಿ ಭಾನುವಾರ ಒಂದು ಪೂರ್ತಿ ಪತ್ರಿಕೆಯನ್ನು ಮೂರು ಗಂಟೆ ಎದ್ದೇಳದೆ ಬರೆದು ನೋಡಿ. ಮನೆಯಲ್ಲಿ ಜಾಗ ಇಲ್ಲದಿದ್ದರೆ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಮೇಜು ಸಿಗುತ್ತದೆ. ಬೆನ್ನು, ಕುತ್ತಿಗೆಗೂ ಇದು ತಾಲೀಮು.

ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿಗೆ ಹೆದರಿ ಹಿಂದೆ ಸರಿಯಬೇಕಿಲ್ಲ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಬಿ.ಕಾಂ. ಉತ್ತರವನ್ನು ಕನ್ನಡದಲ್ಲಿ ಬರೆಯಲು ಅವಕಾಶ ಇದೆ. ಆದರೆ ಒಂದು ಉತ್ತರ ಕನ್ನಡ, ಇನ್ನೊಂದು ಇಂಗ್ಲಿಷ್ ಮಾಡದೆ ಮೊದಲೇ ಒಂದನ್ನು ಗಟ್ಟಿ ಮಾಡಿಕೊಳ್ಳಿ. ಖಾತೆಗಳ ಹೆಸರುಗಳನ್ನು ಮಾತ್ರ ಎರಡೂ ಭಾಷೆಯಲ್ಲಿ ಕಲಿತಿರಬೇಕು, ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇವೆ. ಇಂಗ್ಲಿಷ್ ಭಾಷಾ ಪತ್ರಿಕೆಗೆ ಬೇರೆ ಉಪಾಯವಿಲ್ಲ, ದಿನಾ ಅರ್ಧ ಪುಟ ಓದಿ ಅರ್ಧ ಪುಟ ಬರೆಯಬೇಕು. ನಮ್ಮಲ್ಲಿ ಹೆಚ್ಚು ಜನರ ಬಾಕಿ ಉಳಿಯುವುದು ಇದೇ ಪತ್ರಿಕೆ.

ಇಂಟರ್ನಲ್ಸಿನ 20 ಅಂಕ ಕಿರುಪರೀಕ್ಷೆ, ಅಸೈನ್‌ಮೆಂಟ್ ಅಂತ ಹಂಚಿರುತ್ತದೆ. ಮೈಸೂರು ಕಡೆ ಇದನ್ನು ಸಿ1, ಸಿ2 ಎನ್ನುತ್ತಾರೆ, ಪರೀಕ್ಷೆ ಸಿ3. ಮೊದಲನೆಯದು ಸೆಮಿಸ್ಟರಿನ ನಡುವೆ, ಎಂಟನೇ ವಾರದ ಆಸುಪಾಸು. ತಪ್ಪಿಸಿಕೊಂಡರೆ ಮತ್ತೆ ಇಡುವುದು ಲೆಕ್ಚರರ್ ಮನಸ್ಸಿಗೆ ಬಿಟ್ಟದ್ದು, ಹಾಗಾಗಿ ಆ ದಿನಗಳಿಗೆ ಕೆಲಸದ ಕಡೆ ಮೊದಲೇ ರಜೆ ಹೇಳಿಡಿ. 20ಕ್ಕೆ 20 ಬಂದರೂ ಪರೀಕ್ಷೆಯಲ್ಲಿ ಪ್ರತ್ಯೇಕವಾಗಿ ಕನಿಷ್ಠ ಅಂಕ ತೆಗೆಯಲೇಬೇಕು ಎನ್ನುವುದು ನೆನಪಿರಲಿ. ಸಂವಿಧಾನ, ಪರಿಸರ ಅಧ್ಯಯನದಂಥ ಕಡ್ಡಾಯ ಪತ್ರಿಕೆಗಳನ್ನು ಕೊನೆಯ ವಾರಕ್ಕೆ ತಳ್ಳಬೇಡಿ. ಸುಲಭವೆಂದು ಬಿಟ್ಟದ್ದೇ ಬಾಕಿಯಾಗಿ ಉಳಿದ ಉದಾಹರಣೆ ಬಹಳ.

ಮನೆಯ ಹೊತ್ತು ಹೊಂದಿಸುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಮಕ್ಕಳಿರುವವರಿಗೆ ಬೆಳಿಗ್ಗೆ ಐದರಿಂದ ಆರೂವರೆ, ಅಂಗಡಿಯವರಿಗೆ ಶಟರ್ ಎಳೆದ ಮೇಲಿನ ಒಂದು ಗಂಟೆ. ಯಾವ ಹೊತ್ತಾದರೂ ಆಗಲಿ, ಲೆಕ್ಕದ ಪತ್ರಿಕೆಯನ್ನು ನಿದ್ದೆ ಕಣ್ಣಿನ ಹೊತ್ತಿಗೆ ಇಡಬೇಡಿ. ಥಿಯರಿ ಓದುವುದು ಬಸ್ಸಿನಲ್ಲೂ ಆಗುತ್ತದೆ. ಮನೆಯಲ್ಲಿ 'ಸಹಾಯ ಮಾಡಿ' ಎಂದು ಸಾರಾಸಗಟು ಕೇಳಿದರೆ ಯಾರಿಗೂ ಏನು ಮಾಡಬೇಕೆಂದು ತೋಚುವುದಿಲ್ಲ. 'ಅತ್ತೆ, ಮಂಗಳವಾರ, ಶುಕ್ರವಾರ ಮಗೂನ ಶಾಲೆಯಿಂದ ನೀವು ಕರ್ಕೊಂಡು ಬರ್ತೀರಾ' ಅಂತ ದಿನ, ಕೆಲಸ ಗುರುತಿಸಿ ಕೇಳಿದರೆ ಆಗುತ್ತದೆ. ಇಂಟರ್ನಲ್ಸ್ ಮತ್ತು ಪರೀಕ್ಷೆಯ ತಾರೀಖುಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದರೆ ಆ ವಾರ ನೆಂಟರಿಗೆ ಹೇಳಿಕಳಿಸುವುದು ತಾನೇ ನಿಲ್ಲುತ್ತದೆ.

ಪರೀಕ್ಷಾ ಅರ್ಜಿಯನ್ನು ಪೋರ್ಟಲಿನಲ್ಲಿ ನೀವೇ ತುಂಬಬೇಕು. ಕಟ್ಟಿದ ಶುಲ್ಕ 'ಪೆಂಡಿಂಗ್' ಎಂದು ತೋರಿಸಿದರೆ ಕೂಡಲೇ ಎರಡನೇ ಸಲ ಕಟ್ಟಬೇಡಿ. ಖಾತೆಯಿಂದ ಹಣ ಹೋಗಿದೆಯಾ ನೋಡಿ, ವಹಿವಾಟಿನ ಸಂಖ್ಯೆ ಇರುವ ಸ್ಕ್ರೀನ್‌ಶಾಟ್ ತೆಗೆದು ಕಾಲೇಜಿನ ಪರೀಕ್ಷಾ ಕೇಸ್ ವರ್ಕರ್‌ಗೆ ತೋರಿಸಿ. ಅರ್ಜಿಯಲ್ಲಿ ಪ್ರತಿ ಪತ್ರಿಕೆಯ ಹೆಸರು ಮತ್ತು ಕೋಡ್ ನೀವು ಓದಿದ್ದೇ ಹೌದಾ ಎಂದು ಸಿಲಬಸ್ ಪಕ್ಕಕ್ಕಿಟ್ಟು ತಾಳೆ ನೋಡಿ, ಭಾಷೆಯ ಆಯ್ಕೆ ತಪ್ಪಿರುವುದು ಸಾಮಾನ್ಯ. ಹಾಲ್ ಟಿಕೆಟಿನ ಮೇಲೆ ಪ್ರಿನ್ಸಿಪಾಲರ ಸಹಿ, ಸೀಲು ಕೇಳುವ ಕಡೆ ಅದನ್ನು ಮೊದಲ ಪರೀಕ್ಷೆಯ ಹಿಂದಿನ ದಿನವೇ ಹಾಕಿಸಿಕೊಳ್ಳಿ.

ಫಲಿತಾಂಶ ಬರುವ ಮೊದಲೇ ಎರಡನೇ ಸೆಮಿಸ್ಟರಿನ ಕ್ಲಾಸು ಶುರುವಾಗಿರುತ್ತದೆ. ಯಾವುದಾದರೂ ಪತ್ರಿಕೆ ಹೋಗಿದ್ದರೆ ಮೊದಲು ಇಂಟರ್ನಲ್ಸ್ ಅಂಕ ಸರಿಯಾಗಿ ಏರಿದೆಯಾ ನೋಡಿ, ಅದು ಬಿಟ್ಟುಹೋಗಿದ್ದರೆ ಕಾಲೇಜಿನಿಂದಲೇ ಸರಿಯಾಗಬೇಕು. ಒಂದೆರಡು ಅಂಕದಲ್ಲಿ ಹೋಗಿದ್ದರೆ ಉತ್ತರಪತ್ರಿಕೆಯ ಫೋಟೊಕಾಪಿ ತರಿಸಿ, ಆ ಪತ್ರಿಕೆಯ ಲೆಕ್ಚರರ್ ಹತ್ತಿರ ಕೂತು ನೋಡಿ, ಆಮೇಲೆ ಮರುಮೌಲ್ಯಮಾಪನಕ್ಕೆ ಹಾಕಿ. ಇದಕ್ಕೆ ಕೊಡುವ ಗಡುವು ತುಂಬ ಚಿಕ್ಕದು, ಆ ದಿನಗಳಲ್ಲಿ ಪೋರ್ಟಲನ್ನು ದಿನಕ್ಕೊಮ್ಮೆ ತೆರೆದು ನೋಡುತ್ತಿರಬೇಕು. ಬಾಕಿ ಉಳಿದದ್ದನ್ನು ಬರೆಯಲು ಸಾಮಾನ್ಯವಾಗಿ ಮುಂದಿನ ಬೆಸ ಸೆಮಿಸ್ಟರಿನ ಪರೀಕ್ಷೆಯವರೆಗೆ ಕಾಯಬೇಕಾಗುತ್ತದೆ. ಅಷ್ಟರವರೆಗೆ ಆ ಪುಸ್ತಕವನ್ನು ಗ್ರಂಥಾಲಯಕ್ಕೆ ಹಿಂದಿರುಗಿಸುವ ಮುನ್ನ ಬೇಕಾದ ಅಧ್ಯಾಯಗಳ ಪ್ರತಿ ಇಟ್ಟುಕೊಳ್ಳಿ.